ಠಾಣೆಯ ಪುಸ್ತಕದಲ್ಲಿ ಉಳಿದ ಹೆಸರು

(ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮಣ್ಣು, ಬೆಳೆಗಳ ವಿಷಯ ಮಾತನಾಡುವವನು ಇಂದು ಪೊಲೀಸ್ ದಾಖಲೆಯ ವಿಷಯ ಎತ್ತಿಕೊಂಡದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಕಾಡು, ಸೊಪ್ಪಿನಬೆಟ್ಟ, ನದಿ, ಗಣಿ ಎಂದು ದನಿಯೆತ್ತಿದವರ ಹೆಸರು ಒಂದಲ್ಲ ಒಂದು ದಿನ ಠಾಣೆಯ ಪುಸ್ತಕಕ್ಕೆ ಏರುವುದು ಮಲೆನಾಡಿಗೆ ಹೊಸತಲ್ಲ. ಏರಿದ ಹೆಸರು ಇಳಿಯುವುದು ಹೇಗೆ ಎಂಬುದನ್ನು ಮಾತ್ರ ನಾವು ಕುಳಿತು ಯೋಚಿಸಿದ್ದು ಕಡಿಮೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ದಸ್ತಗಿರಿಯ ದಾಖಲೆ ಜನರ ಕಣ್ಣಿಗೆ ಬೀಳಬಾರದೆಂದು ವಾದಿಸುವವನು ನಾನಲ್ಲ. ಗುಟ್ಟಾಗಿ ನಡೆಯುವ ದಸ್ತಗಿರಿಯಷ್ಟು ಭಯಾನಕವಾದುದು ಬಡವನಿಗೆ ಬೇರೊಂದಿಲ್ಲ. ಕೊನೆಯ ಬಸ್ಸು ಹೋದ ಮೇಲೆ ಮನೆಯಿಂದ ಕರೆದೊಯ್ದ ಮಗ ಯಾವ ಠಾಣೆಯಲ್ಲಿದ್ದಾನೆಂದು ತಿಳಿಯದೆ ಬೆಳಗು ಮಾಡುವ ತಾಯಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಇದನ್ನು ಮನಗಂಡೇ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ದಸ್ತಗಿರಿ ಮೆಮೊ ಕಡ್ಡಾಯವೆಂದಿತು. ಅದರಲ್ಲಿ ದಿನಾಂಕ, ಸಮಯ ಇರಬೇಕು. ಮನೆಯವರೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಸಹಿ ಇರಬೇಕು. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 41ಸಿ ಕಲಮಿನಲ್ಲಿದ್ದ ವ್ಯವಸ್ಥೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 37ನೇ ಕಲಮಿನಲ್ಲಿ ಇನ್ನಷ್ಟು ಗಟ್ಟಿಯಾಗಿದೆ. ದಸ್ತಗಿರಿಯಾದವರ ಹೆಸರು, ವಿಳಾಸ, ಅಪರಾಧದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಎದ್ದು ಕಾಣುವಂತೆ ಪ್ರದರ್ಶಿಸಬೇಕು. ತಾವು ಠಾಣೆಗೆ ಹೋದಾಗ ಆ ಫಲಕವೆಲ್ಲಿ ಎಂದು ಕೇಳಬಹುದು, ಕೇಳುವುದು ಅಪರಾಧವಲ್ಲ.

ಪ್ರಥಮ ವರ್ತಮಾನ ವರದಿ, ಅಂದರೆ ನಾವೆಲ್ಲ ಎಫ್‌ಐಆರ್ ಎನ್ನುವುದು, ಇದರಂತೆಯೇ ಸಾರ್ವಜನಿಕವಾಗಿದೆ. 2016ರ ಸೆಪ್ಟೆಂಬರ್‌ನಲ್ಲಿ ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದು ಅಂತರ್ಜಾಲದಲ್ಲಿ ಸಿಗುವಂತಾಗಬೇಕೆಂದು ಆದೇಶಿಸಿತು. ಸಂಪರ್ಕ ಕಷ್ಟವಿರುವ ಪ್ರದೇಶಗಳಿಗೆ 48 ಗಂಟೆ, ಹೆಚ್ಚೆಂದರೆ 72. ನಮ್ಮ ಗುಡ್ಡಗಳನ್ನೂ ನ್ಯಾಯಾಲಯ ಮರೆಯಲಿಲ್ಲವೆನ್ನಿ! ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ.

ಇಲ್ಲಿಯವರೆಗೆ ಸರಿ. ತೊಡಕು ಇದರ ನಂತರದ್ದು. ಎಫ್‌ಐಆರ್ ಏರಿಸಲು ಗಂಟೆಗಳ ಗಡುವು ಹಾಕಿದ ಆದೇಶವು, ಪ್ರಕರಣ ಬಿದ್ದುಹೋದಾಗ ಅದರ ಪಕ್ಕದಲ್ಲಿ ಫಲಿತಾಂಶ ಬರೆಯಲು ಯಾವ ಗಡುವನ್ನೂ ಹಾಕಿಲ್ಲ. ಬಿತ್ತನೆಯ ದಿನವನ್ನು ಬರೆದು ಕೊಯ್ಲಿನ ಲೆಕ್ಕ ಬರೆಯದ ಪುಸ್ತಕವನ್ನು ನಮ್ಮ ಪ್ರಯೋಗ ತಾಕಿನಲ್ಲಿ ಯಾರೂ ಒಪ್ಪುವುದಿಲ್ಲ. ದಸ್ತಗಿರಿ ಎಂದರೆ ಅನುಮಾನ, ಅಷ್ಟೇ. ಪೊಲೀಸರೇ ಪುರಾವೆ ಸಿಗದೆ ಬಿ ರಿಪೋರ್ಟ್ ಸಲ್ಲಿಸಿ ನ್ಯಾಯಾಲಯ ಅದನ್ನು ಅಂಗೀಕರಿಸಿದರೂ ಊರಿನ ಬಾಯಲ್ಲಿ, ಹುಡುಕಿದವನ ಕಣ್ಣಲ್ಲಿ ಆ ಹೆಸರು ಹಾಗೆಯೇ ನಿಂತಿರುತ್ತದೆ.

ದಾಖಲೆಯನ್ನು ಅಳಿಸಿಹಾಕಲು ಬರುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ವಯಸ್ಕರ ದಸ್ತಗಿರಿ ದಾಖಲೆಯನ್ನು ಅರ್ಜಿ ಕೊಟ್ಟು ಅಳಿಸಿಕೊಳ್ಳುವ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಹದಿನೆಂಟು ತುಂಬದವರಿಗೆ ಮಾತ್ರ 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ರಕ್ಷಣೆ ಕೊಡುತ್ತದೆ. ಘೋರ ಅಪರಾಧಗಳ ಕೆಲವು ಸಂದರ್ಭ ಬಿಟ್ಟರೆ, ಅವರ ಶಿಕ್ಷೆಯ ದಾಖಲೆಯನ್ನು ಮೇಲ್ಮನವಿಯ ಅವಧಿ ಮುಗಿದ ಮೇಲೆ ನಾಶಪಡಿಸಬೇಕು. ಉಳಿದವರಿಗೆ ಇರುವುದು ಪ್ರಕರಣವನ್ನೇ ಕೊನೆಗಾಣಿಸುವ ದಾರಿಗಳು: ಬಿ ರಿಪೋರ್ಟ್, ಖುಲಾಸೆ, ಉಚ್ಚ ನ್ಯಾಯಾಲಯದಲ್ಲಿ ರದ್ದತಿ, ಇಲ್ಲವೇ ಸರ್ಕಾರ ಮೊಕದ್ದಮೆ ಹಿಂತೆಗೆದುಕೊಳ್ಳುವುದು.

ಈ ಕೊನೆಯದರ ಮೇಲೆ ಚಳವಳಿಗಾರರಿಗೆ ಅತಿಯಾದ ನಂಬಿಕೆ. ಮಂತ್ರಿಗಳು ವೇದಿಕೆಯಲ್ಲಿ "ಕೇಸು ವಾಪಸ್" ಎಂದರೆ ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇವೆ. ಕಾನೂನು ಹಾಗಿಲ್ಲ. ಸರ್ಕಾರಿ ಅಭಿಯೋಜಕರು ಸ್ವತಃ ವಿವೇಚಿಸಿ ಅರ್ಜಿ ಹಾಕಬೇಕು, ನ್ಯಾಯಾಲಯ ಸಮ್ಮತಿಸಬೇಕು. ಹುಬ್ಬಳ್ಳಿ ಗಲಭೆಯದೂ ಸೇರಿ 43 ಪ್ರಕರಣಗಳನ್ನು ಹಿಂತೆಗೆಯಲು 2024ರ ಅಕ್ಟೋಬರ್‌ನಲ್ಲಿ ಹೊರಟ ಸರ್ಕಾರಿ ಆದೇಶವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ರದ್ದುಪಡಿಸಿತು. ಆದ್ದರಿಂದ ಘೋಷಣೆಯಾದ ಮೇಲೂ ನ್ಯಾಯಾಲಯದ ಆದೇಶದ ನಕಲು ಕೈಸೇರುವವರೆಗೆ ಪ್ರಕರಣ ಮುಗಿಯಿತೆಂದು ತಿಳಿಯಬೇಡಿ.

ಅರಣ್ಯ ಪ್ರಕರಣಗಳ ಕಥೆಯೇ ಬೇರೆ. ಕಟ್ಟಿಗೆ, ಸೊಪ್ಪು, ಒತ್ತುವರಿ ಎಂದು ಅರಣ್ಯ ಇಲಾಖೆ ದಾಖಲಿಸುವ ಪ್ರಕರಣ ವಲಯ ಅರಣ್ಯಾಧಿಕಾರಿಗಳ ಕಚೇರಿಯದು. ಪೊಲೀಸರಲ್ಲಿ ಹುಡುಕಿ ಏನೂ ಇಲ್ಲವೆಂದು ನಿಶ್ಚಿಂತರಾಗಬೇಡಿ. "ದಂಡ ಕಟ್ಟಿ ಬಂದೆ, ಮುಗಿಯಿತು" ಎನ್ನುವವರಿಗೆ ನಾನು ಕೇಳುವ ಪ್ರಶ್ನೆಯೊಂದೇ: ಎಲ್ಲಿ ಕಟ್ಟಿದಿರಿ? ಕಾನೂನು ಅವಕಾಶ ಕೊಟ್ಟ ಕಡೆ ಇಲಾಖೆಯಲ್ಲೇ ರಾಜಿ ಮಾಡಿಕೊಂಡು ಹಣ ಕಟ್ಟಿದರೆ ಪ್ರಕರಣ ಶಿಕ್ಷೆಯಿಲ್ಲದೆ ಮುಗಿಯುತ್ತದೆ. ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಕಟ್ಟಿದ ದಂಡ, ಅದು ನೂರೇ ರೂಪಾಯಿಯಾದರೂ, ಶಿಕ್ಷೆಯೆಂದೇ ದಾಖಲಾಗುತ್ತದೆ. ಅಡಕೆ ಕೊಯ್ಲಿನ ಹೊತ್ತಿನಲ್ಲಿ ಒಂದು ದಿನ ಉಳಿಯಲೆಂದು ತಪ್ಪೊಪ್ಪಿಕೊಳ್ಳುವ ಮುನ್ನ ವಕೀಲರನ್ನು ಕೇಳಿ. ಹಣ ಎಲ್ಲಿ ಕಟ್ಟಿದರೂ ರಸೀದಿಯನ್ನು ಪಹಣಿಯಷ್ಟೇ ಜೋಪಾನವಾಗಿಡಿ.

ವಿದ್ಯಾರ್ಥಿಗಳಿಗೆ ಒಂದು ಮಾತು. ನೌಕರಿಯ ಅರ್ಜಿಯಲ್ಲಿ ದಸ್ತಗಿರಿಯ ಬಗ್ಗೆ ಕೇಳಿದರೆ ಮುಚ್ಚಿಡಬೇಡಿ. ಪ್ರಕರಣಕ್ಕಿಂತ ಮುಚ್ಚಿಟ್ಟದ್ದೇ ಎಷ್ಟೋ ಜನರ ನೌಕರಿ ಕಳೆದಿದೆ. ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ಪ್ರಕರಣವನ್ನು ತಿಳಿಸದಿದ್ದರೂ ನೇಮಕಾತಿ ಅಧಿಕಾರಿ ಮನ್ನಿಸಬಹುದೆಂದು 2016ರ ಅವತಾರ್ ಸಿಂಗ್ ತೀರ್ಪು ಹೇಳಿದೆ, ನಿಜ. ಆದರೆ ಮನ್ನಿಸುವುದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಪಾಸ್‌ಪೋರ್ಟಿನ ವಿಷಯದಲ್ಲಿ, ಪ್ರಕರಣ ಬಾಕಿಯಿದ್ದರೂ ಆ ನ್ಯಾಯಾಲಯದ ಅನುಮತಿಯಿಂದ ನಿಗದಿತ ಅವಧಿಗೆ ಪಡೆಯಲು 1993ರ ಅಧಿಸೂಚನೆಯಲ್ಲಿ ಅವಕಾಶವಿದೆ.

ದಾಖಲೆಯನ್ನು ಮುಚ್ಚಿರೆಂದು ನಾವು ಕೇಳಬೇಕಾಗಿಲ್ಲ. ಪೂರ್ತಿ ಬರೆಯಿರೆಂದು ಕೇಳೋಣ. ಹೆಸರು ಎಲ್ಲಿ ಪ್ರಕಟವಾಯಿತೋ ಅಲ್ಲಿಯೇ "ಖುಲಾಸೆ", "ಬಿ ರಿಪೋರ್ಟ್ ಅಂಗೀಕೃತ" ಎಂಬ ಸಾಲೂ ಬರಲಿ. ಅಲ್ಲಿಯವರೆಗೆ ನಮ್ಮ ಕಾಗದ ನಮ್ಮ ಬಳಿ ಇರಬೇಕು. ಠಾಣೆಯ ಹೆಸರು, ಅಪರಾಧ ಸಂಖ್ಯೆ, ವರ್ಷ ತಿಳಿದಿದ್ದರೆ ಪ್ರಕರಣ ಯಾವ ಹಂತದಲ್ಲಿದೆಯೆಂದು ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು. ಮುಗಿದಿದ್ದರೆ ನ್ಯಾಯಾಲಯದಿಂದ ಆದೇಶದ ದೃಢೀಕೃತ ನಕಲು ಪಡೆಯಬೇಕು. ಹಳೆಯ ಪ್ರಕರಣಗಳಿರುವವರು ಮುಂದಿನ ಸಭೆಗೆ ಈ ಮೂರು ವಿವರಗಳನ್ನೂ ಸಿಕ್ಕಿದಷ್ಟು ಕಾಗದಗಳನ್ನೂ ತನ್ನಿ. ಅರ್ಜಿ ಬರೆಯಲು ಬಾರದವರಿಗೆ ವಿದ್ಯಾರ್ಥಿ ಮಿತ್ರರು ಬರೆದುಕೊಡಲಿ.