ಶಾಪವೋ, ಗಾಳಿಯೋ?

(ತ್ಯಾವರೆಕೊಪ್ಪದ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ರಾತ್ರಿ ಬಸ್ಸಿನಲ್ಲಿ ಹೊರಟು, ಹಗಲೆಲ್ಲ ತಲಕಾಡನ್ನು ನೋಡಿ, ಮರುರಾತ್ರಿ ಹಿಂದಿರುಗಿದ ಯಾತ್ರೆಯಲ್ಲಿ ನಾವೂ ನಿಮ್ಮ ಜೊತೆಗಿದ್ದೆವು. ಇಷ್ಟಲಿಂಗಧಾರಿಗಳಾದ ನಾವು ಪಂಚಲಿಂಗ ದರ್ಶನಕ್ಕೆ ಹೋಗಬಹುದೇ ಎಂದು ಹೊರಡುವ ಮುನ್ನ ಕೆಲವರು ಕೇಳಿದ್ದಿರಿ. ಕರಸ್ಥಲದಲ್ಲಿ ಲಿಂಗವಿದ್ದವನಿಗೆ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ನಾಡಿನ ಚರಿತ್ರೆಯನ್ನು ಕಣ್ಣಾರೆ ಕಾಣಲು ಅವಶ್ಯ ಹೋಗಬೇಕು ಎಂದಿದ್ದೆವು.

ಶಾಸನಗಳು ತಳವನಪುರವೆಂದು ಕರೆಯುವ ಊರು ಅದು. ಗಂಗರ ರಾಜಧಾನಿ, ಅನಂತರ ಚೋಳರ ವಶ. ಅವರನ್ನು ಗೆದ್ದು ತಲಕಾಡುಗೊಂಡನೆನಿಸಿದ ವಿಷ್ಣುವರ್ಧನನು 1117ರಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದನು. ಅಷ್ಟು ವೈಭವದ ಊರಿನಲ್ಲಿ ಈಗ ದೇವರನ್ನು ಕಾಣಲು ಮರಳಿನ ದಿಬ್ಬದಿಂದ ಕೆಳಕ್ಕೆ ಇಳಿಯಬೇಕು. ಪಾತಾಳೇಶ್ವರ, ಮರಳೇಶ್ವರ ಎಂಬ ಹೆಸರುಗಳು ಅಲ್ಲಿ ನಿಂತಾಗಲೇ ಅರ್ಥವಾಗುತ್ತವೆ. ಹಸುರನ್ನೇ ಕಂಡು ಬೆಳೆದ ನಮ್ಮ ಕಡೆಯ ಮಕ್ಕಳು ಕಾದ ಮರಳಿನ ಮೇಲೆ ಬರಿಗಾಲಿನಲ್ಲಿ ಕುಣಿದದ್ದನ್ನು ನೋಡಿ ನಮಗೂ ನಗು ಬಂದಿತು.

ದಾರಿ ತೋರಿಸಿದ ಊರಿನ ಹಿರಿಯರು ಅಲಮೇಲಮ್ಮನ ಕಥೆಯನ್ನು ಹೇಳಿದರು. 1610ರಲ್ಲಿ ಶ್ರೀರಂಗಪಟ್ಟಣವು ರಾಜ ಒಡೆಯರ ವಶವಾಯಿತು. ಆಗ ಒಡವೆಗಾಗಿ ಬೆನ್ನಟ್ಟಿ ಬಂದವರಿಂದ ನೊಂದ ಆ ತಾಯಿ, ತಲಕಾಡು ಮರಳಾಗಲಿ, ಅರಸರಿಗೆ ಸಂತಾನವಿಲ್ಲದಿರಲಿ ಎಂದು ಶಪಿಸಿ ಕಾವೇರಿಗೆ ಹಾರಿದಳಂತೆ. ಕೇಳುತ್ತಿದ್ದ ನಮ್ಮವರಲ್ಲೊಬ್ಬ ಸೊಸೆ ಮುಖ ಮುಚ್ಚಿಕೊಂಡು ಅತ್ತಳು. ಮದುವೆಯಾಗಿ ಎಂಟು ವರ್ಷ, ಮಕ್ಕಳಿಲ್ಲ. ಯಾರದೋ ಶಾಪವನ್ನು ಹೊತ್ತು ಬಂದವಳು ಎಂಬ ಮಾತನ್ನು ಮನೆಯಲ್ಲೇ ಕೇಳಿದವಳು. ಆಕೆಯ ಒಪ್ಪಿಗೆ ಪಡೆದೇ ಈ ಮಾತನ್ನು ಸಭೆಯಲ್ಲಿ ಎತ್ತಿದ್ದೇವೆ.

ಆ ಮರಳು ಬಂದದ್ದೆಲ್ಲಿಂದ, ವಿಚಾರಿಸಿರಿ. ಕಾವೇರಿ ಅಲ್ಲಿ ಬಳಸಿ ಹರಿಯುತ್ತಾಳೆ. ತಿರುವಿನಲ್ಲಿ ಮರಳನ್ನು ಇಳಿಸುತ್ತಾಳೆ. ಅಲಮೇಲಮ್ಮನಿಗಿಂತ ಎರಡು ಶತಮಾನಕ್ಕೂ ಹಿಂದೆ, ವಿಜಯನಗರದ ಕಾಲದಲ್ಲಿ ಮಾಧವಮಂತ್ರಿಯು ಮೇಲ್ಗಡೆ ಅಣೆ ಕಟ್ಟಿಸಿದನು. ಹೊಳೆಯ ನೀರು ತಗ್ಗಿತು, ಮರಳು ಬಯಲಾಯಿತು, ಗಾಳಿ ಅದನ್ನು ಊರ ಮೇಲಕ್ಕೆ ಎತ್ತಿ ಹಾಕಿತು ಎಂದು ಬಲ್ಲವರು ವಿವರಿಸುತ್ತಾರೆ. ಇಂದು ಅಲ್ಲಿ ಮರಗಳನ್ನು ಬೆಳೆಸಿ ಮರಳನ್ನು ಹಿಡಿದು ನಿಲ್ಲಿಸಿದ್ದಾರೆ. ಶಾಪವಾಗಿದ್ದರೆ ಗಾಳಿಮರಕ್ಕೆ ಜಗ್ಗುತ್ತಿತ್ತೆ?

ಇನ್ನು ಅರಸರ ಮಾತು. ದತ್ತುಪುತ್ರರಾಗಿ ಬಂದ ಚಾಮರಾಜೇಂದ್ರ ಒಡೆಯರಿಗೆ ಗಂಡುಮಕ್ಕಳಿದ್ದರು. ಜಯಚಾಮರಾಜ ಒಡೆಯರಿಗೂ ಮಗನಿದ್ದನು. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರಲ್ಲಿ ಮಗ ಹುಟ್ಟಿದನು. ಲೆಕ್ಕ ಕೂಡಿಬಾರದ ಕಡೆಗಳನ್ನು ಬಿಟ್ಟು, ಕೂಡಿಬಂದ ಕಡೆಗಳನ್ನಷ್ಟೇ ಜನ ಎಣಿಸುತ್ತಾರೆ. ಆ ತಾಯಿಗೆ ಅನ್ಯಾಯವಾಯಿತೆಂಬ ನೆನಪು ಉಳಿಯಲಿ. ಅದು ನಾಡಿನ ಮನಸ್ಸಾಕ್ಷಿ. ಅದೇ ಕಥೆಯ ಕೋಲನ್ನು ಹಿಡಿದು ಇನ್ನೊಬ್ಬ ಹೆಣ್ಣುಮಗಳನ್ನು ಹೊಡೆಯುವುದು ಎಂಥ ಶಿವಭಕ್ತಿ?

ಅಲ್ಲಿನ ಮುಖ್ಯ ದೇವರ ಹೆಸರು ವೈದ್ಯೇಶ್ವರ. ಆ ಗುಡಿಯ ಮುಂದೆಯೇ ಆಕೆಯ ಗಂಡನನ್ನು ಕರೆದು, ಹೆಂಡತಿಯೊಬ್ಬಳನ್ನೇ ಅಲ್ಲ, ನೀನೂ ಪರೀಕ್ಷೆ ಮಾಡಿಸಿಕೋ ಎಂದೆವು. ತಲೆ ತಗ್ಗಿಸಿ, "ಆಗಲಿ ಬುದ್ಧಿ" ಎಂದನು. ಕಳೆದ ವಾರ ಇಬ್ಬರೂ ಶಿವಮೊಗ್ಗೆಯ ವೈದ್ಯರಲ್ಲಿಗೆ ಹೋಗಿಬಂದರಂತೆ. ಬುತ್ತಿ ಕಟ್ಟಿಕೊಂಡು ಅತ್ತೆಯೂ ಜೊತೆಗೆ ಹೋಗಿದ್ದರೆಂದು ತಿಳಿದು ನಮಗೆ ಸಂತೋಷವಾಯಿತು.