ಕಾಯುವ ಮನೆ

ನಮ್ಮ ಲೈನಿನಿಂದ ಪರದೇಶಕ್ಕೆ ಹೋದ ನರ್ಸ್ ತಂಗಿಯೂ ಅವಳ ಗಂಡನೂ ಭಾರತದಿಂದ ಮಗುವೊಂದನ್ನು ದತ್ತು ಪಡೆಯಲು ಕಾಯುತ್ತಿದ್ದಾರೆ. ಡ್ಯೂಟಿಗೆ ಹೊರಡುವ ಮುಂಚೆ ದಿನವೂ ಪುಟ್ಟ ಮಂಚದ ಧೂಳು ಒರೆಸುತ್ತಾಳಂತೆ. ಒಂದು ವರ್ಷದ ಮಗುವಿಗೆಂದು ಹೆಣೆದ ಸ್ವೆಟರನ್ನು ನೆರೆಯವರಿಗೆ ಕೊಟ್ಟು, ಈಗ ದೊಡ್ಡದನ್ನು ಹೆಣೆಯುತ್ತಿದ್ದಾಳೆ.

"ಇಷ್ಟೊಂದು ಕಾಗದಪತ್ರ ಯಾಕೆ? ನಮ್ಮ ಲೈನಿನಲ್ಲೇ ಯಾರಾದರೂ ಕೊಡುತ್ತಿದ್ದರಲ್ಲ" ಎಂದು ಅವಳ ತಾಯಿ ಕೇಳಿದರು.

ಕೈಯಿಂದ ಕೈಗೆ ಹಾಗೆ ಕೊಡಬಾರದಮ್ಮಾ, ಎಂದೆವು. 2015ರ ಬಾಲನ್ಯಾಯ ಕಾಯ್ದೆಯಂತೆ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು 2 ತಿಂಗಳ ಅವಕಾಶವಿದೆ. ಅವಳೂ ನಮ್ಮಂಥ ಕೂಲಿ ಹೆಂಗಸೇ ಇರಬಹುದು. ದಲ್ಲಾಳಿಯ ಕೈಗೆ ಕೊಟ್ಟರೆ 2 ದಿನವೂ ಸಿಗದು. ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಸಜೆ.

ತಾಯಿ ಇದನ್ನು ಫೋನಿನಲ್ಲಿ ಹೇಳಿದಾಗ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳಂತೆ. ಆಮೇಲೆ, "ಆ ಅಮ್ಮನಿಗಾಗಿಯೂ ಪ್ರಾರ್ಥಿಸಿ" ಎಂದಳಂತೆ. ಈ ಸಂಜೆಯ ಜಪಸರದಲ್ಲಿ ಇಬ್ಬರನ್ನೂ ನೆನೆಯೋಣ.