ಮನೋರೋಗಿಗಳ ಸೇವೆಯಲ್ಲಿ ವಿದ್ಯಾರ್ಥಿಗಳ ಕ್ಷೇತ್ರಕಾರ್ಯ
(ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಾಸರಗೋಡಿನ ಈ ಗಡಿನಾಡಿನಿಂದ ಪದವಿಯನ್ನು ಮುಗಿಸಿ ಸಮಾಜಕಾರ್ಯ, ಮನಃಶಾಸ್ತ್ರಗಳ ಉನ್ನತ ವ್ಯಾಸಂಗಕ್ಕೆ ಹೋಗುವವರುಂಟು. ಆ ವ್ಯಾಸಂಗದಲ್ಲಿ ಪುಸ್ತಕದಷ್ಟೇ ಮುಖ್ಯವಾದುದು ಕ್ಷೇತ್ರಕಾರ್ಯ. ಇಂಟರ್ನ್‌ಶಿಪ್ ಎಂದು ಈಗ ಎಲ್ಲರ ಬಾಯಲ್ಲಿರುವುದೂ ಇದೇ ಬಗೆಯದು. ಆದರೆ ಮಗಳನ್ನು ಮಾನಸಿಕ ಚಿಕಿತ್ಸಾಲಯಕ್ಕೋ ಕುಡಿತ ಬಿಡಿಸುವ ಕೇಂದ್ರಕ್ಕೋ ತರಬೇತಿಗೆ ಕಳುಹಿಸುತ್ತಾರೆಂದು ಕೇಳಿದೊಡನೆ ಮನೆಯವರಿಗೆ ಕಳವಳವಾಗುತ್ತದೆ. “ಬೇರೆ ಓದು ಇರಲಿಲ್ಲವೇ?” ಎನ್ನುತ್ತಾರೆ. ಆ ಪ್ರಶ್ನೆಯನ್ನು ಕುರಿತು ನಾಲ್ಕು ಮಾತುಗಳನ್ನು ತಮ್ಮಲ್ಲಿ ಅರಿಕೆ ಮಾಡುತ್ತೇನೆ.

ಮನೋರೋಗಿಯೆಂದರೆ ಎತ್ತರದ ಗೋಡೆಗಳ ಒಳಗಿರಬೇಕಾದವನೆಂಬ ಭಾವನೆ ಹಿಂದೆ ಇತ್ತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1970ರ ದಶಕದಲ್ಲಿ ನಗರದ ಹೊರವಲಯದ ಸಕಲವಾರದಲ್ಲಿ ಕೇಂದ್ರವನ್ನು ತೆರೆದು, ಹಳ್ಳಿಯ ಮನೆಗಳಲ್ಲಿಯೇ ಇದ್ದ ರೋಗಿಗಳತ್ತ ಗಮನ ಹರಿಸಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿಯನ್ನು ಕೊಟ್ಟು, ಸಾಮಾನ್ಯ ಔಷಧಿಗಳ ಜೊತೆಗೆ ಮನೋರೋಗದ ಔಷಧಿಯೂ ಅಲ್ಲಿಯೇ ದೊರೆಯುವಂತೆ ಮಾಡಿದರು. 1996ರಲ್ಲಿ ಭಾರತ ಸರ್ಕಾರವು ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯ ಪ್ರಯೋಗವೇ ಮಾದರಿ. ನಮ್ಮ ಜಿಲ್ಲೆಯಲ್ಲಿಯೂ ಅದು ನಡೆಯುತ್ತಿದೆ.

ಇಂತಹ ಸೇವೆಯಲ್ಲಿ ವಿದ್ಯಾರ್ಥಿಯು ಮಾಡುವುದೇನು? ಔಷಧಿ ಕೊಡುವುದಲ್ಲ, ಉಪದೇಶ ಮಾಡುವುದಂತೂ ಅಲ್ಲವೇ ಅಲ್ಲ. ಮೊದಲು ಮಾರ್ಗದರ್ಶಕರ ಪಕ್ಕದಲ್ಲಿ ಕುಳಿತು ಕೇಳುವುದು. ಬಳಿಕ ರೋಗಿಯ ಮನೆಯವರಿಂದ ಪೂರ್ವವೃತ್ತಾಂತವನ್ನು ಬರೆದುಕೊಳ್ಳುವುದು. ಔಷಧಿ ಒಯ್ಯಲು ಬಾರದವನ ಮನೆಗೆ ಕಾರ್ಯಕರ್ತರ ಸಂಗಡ ಹೋಗಿ ಕಾರಣವನ್ನು ತಿಳಿಯುವುದು. ಕಾರಣ ಬಸ್ಸಿನ ದುಡ್ಡಾಗಿರಬಹುದು, ಗುಣವಾಯಿತೆಂಬ ಭ್ರಮೆಯಾಗಿರಬಹುದು, ನೆರೆಮನೆಯವರ ನಗುವಾಗಿರಬಹುದು. ಅದೆಲ್ಲವನ್ನೂ ದಿನಚರಿಯಲ್ಲಿ ಬರೆದು ಮಾರ್ಗದರ್ಶಕರ ತಿದ್ದುಪಡಿಗೆ ಒಪ್ಪಿಸಬೇಕು.

ಕುಡಿತದ ವಿಷಯದಲ್ಲಿ ಕಲಿಯುವ ಒಂದು ಸಂಗತಿಯು ಪ್ರತಿಯೊಂದು ಮನೆಗೂ ತಿಳಿದಿರಬೇಕಾದುದು. ಬಹುಕಾಲ ದಿನವೂ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಕೈನಡುಕ, ಬೆವರು, ನಿದ್ರಾಹೀನತೆ ಉಂಟಾಗುತ್ತವೆ. ಕೆಲವರಿಗೆ ಎರಡು ಮೂರು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ, ಭ್ರಾಂತಿಗಳು ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆಂಬ ಹಟ ಬೇಡ. ವೈದ್ಯರ ಕಣ್ಣೆದುರಿನಲ್ಲಿ ಬಿಡಿಸಬೇಕು. ಇದು ಕೇವಲ ನಡತೆಯ ದೋಷವಲ್ಲ, ಚಿಕಿತ್ಸೆ ಬೇಕಾದ ರೋಗ ಎಂಬುದನ್ನು ಇಂತಹ ಒಬ್ಬ ರೋಗಿಯನ್ನು ಕಂಡ ವಿದ್ಯಾರ್ಥಿಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಇನ್ನು ಭಾಷೆಯ ಮಾತು. ನಮ್ಮ ಮಕ್ಕಳು ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಅಂಗಳದಲ್ಲಿ ತುಳು ಆಡುವುದನ್ನು ಕೆಲವರು ಗೊಂದಲವೆಂದು ಎಣಿಸುತ್ತಾರೆ. ನಾನು ಹಾಗೆ ಎಣಿಸುವುದಿಲ್ಲ. ಇಲ್ಲಿಯ ಅಜ್ಜಿಯೊಬ್ಬರು “ಮಂಡೆಬೆಚ್ಚ” ಎಂದರೆ ಅದು ತಲೆಯ ಕಾವಲ್ಲ, ಮನಸ್ಸಿನ ಚಿಂತೆ. ದೂರದ ಜಿಲ್ಲೆಯಿಂದ ಬಂದ ವೈದ್ಯರಿಗೆ ಅದನ್ನು ಯಾರು ತಿಳಿಸಬೇಕು? ಜ್ವರವನ್ನು ಅಳೆಯಲು ಉಪಕರಣವಿದೆ. ಮನಸ್ಸಿನ ನೋವನ್ನು ಅರಿಯಲು ರೋಗಿಯ ಮಾತನ್ನೇ ನಂಬಬೇಕು. ಆ ಮಾತು ಅವರ ಮನೆಮಾತಿನಲ್ಲಿಯೇ ಹೊರಡುವುದು. ಮೂರು ಭಾಷೆ ಬಲ್ಲ ವಿದ್ಯಾರ್ಥಿಯು ಇಲ್ಲಿಯ ಚಿಕಿತ್ಸಾಲಯಕ್ಕೆ ದೊಡ್ಡ ಉಪಕಾರಿಯಾಗಬಲ್ಲನು.

ಆದರೆ ನಮ್ಮದು ಎಲ್ಲರೂ ಎಲ್ಲರನ್ನೂ ಬಲ್ಲ ಊರು. ಕೇಂದ್ರದಲ್ಲಿ ನೆಂಟರನ್ನೋ ಗುರುಗಳನ್ನೋ ಕಂಡರೆ ಆ ಸುದ್ದಿ ಮನೆಯ ಊಟದ ಹೊತ್ತಿಗೂ ಬರಬಾರದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಅಧಿನಿಯಮವು ಗೋಪ್ಯತೆಯನ್ನು ರೋಗಿಯ ಹಕ್ಕೆಂದೇ ಹೇಳಿದೆ. ಆದುದರಿಂದ ತಾಯಂದಿರೇ, “ಇವತ್ತು ಯಾರು ಬಂದಿದ್ದರು?” ಎಂದು ಮಕ್ಕಳನ್ನು ಕೇಳಬೇಡಿ.

ತಾವು ಕೇಳತಕ್ಕ ಪ್ರಶ್ನೆಗಳು ಬೇರೆ ಇವೆ. ನುರಿತ ಮಾರ್ಗದರ್ಶಕರು ಅಲ್ಲಿಯೇ ಇರುವರೇ? ಮನೆಭೇಟಿಗೆ ಒಬ್ಬರನ್ನೇ ಕಳುಹಿಸುವರೇ? ಮನಸ್ಸನ್ನು ಕಲಕುವ ಕಥೆಯನ್ನು ಕೇಳಿಬಂದ ದಿನ ವಿದ್ಯಾರ್ಥಿಯು ತನ್ನ ತಳಮಳವನ್ನು ಹೇಳಿಕೊಳ್ಳಲು ಯಾರಿದ್ದಾರೆ? ತೃಪ್ತಿಕರವಾದ ಉತ್ತರ ದೊರೆಯದಿದ್ದರೆ ಬೇರೆ ಕೇಂದ್ರವನ್ನು ಕೇಳಿರಿ, ಅದು ಹೇಡಿತನವಲ್ಲ.

ಸಮೀಪದ ಮಂಗಳೂರಿನ ರೋಶನಿ ನಿಲಯದಲ್ಲಿ 1960ರಿಂದ ಸಮಾಜಕಾರ್ಯದ ಶಿಕ್ಷಣವಿದೆ. ಮನೆಯಲ್ಲಿಯೇ ತೊಂದರೆಯಿರುವವರು 14416 ಸಂಖ್ಯೆಯ ಟೆಲಿ ಮಾನಸ್‌ಗೆ ದೂರವಾಣಿ ಮಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಗೆ ಶುಲ್ಕವಿಲ್ಲ. ವ್ಯಾಸಂಗದ ವಿವರ ಬೇಕಾದವರು ಸಭೆ ಮುಗಿದ ಮೇಲೆ ನನ್ನ ಕೊಠಡಿಗೆ ಬರಬಹುದು.